ರಿಫ್ಲೆಕ್ಸ್ ಇಂಟಿಗ್ರೇಷನ್ ಕೋರ್ಸ್‌ಗಳು: ಯಾವುದನ್ನು ಮೊದಲು ಕಲಿಯಬೇಕು, ಯಾವುದಕ್ಕೆ ಕಾಯಬಹುದು

ಬೆಂಗಳೂರಿನಲ್ಲಿ ಮಕ್ಕಳ ಥೆರಪಿ ಮಾಡುವ ಯಾರ ವಾಟ್ಸಾಪ್ ತೆರೆದರೂ ಈಗ ಒಂದಾದರೂ ಪೋಸ್ಟರ್ ಸಿಗುತ್ತದೆ. ಪ್ರಿಮಿಟಿವ್ ರಿಫ್ಲೆಕ್ಸ್ ಇಂಟಿಗ್ರೇಷನ್, ವೀಕೆಂಡ್ ಕೋರ್ಸ್, ಸರ್ಟಿಫಿಕೇಟ್ ಉಂಟು. ಪ್ರಿಮಿಟಿವ್ ರಿಫ್ಲೆಕ್ಸ್ ಅಂದರೆ ಹಸುಗೂಸಿನಲ್ಲಿ ತಾನಾಗಿ ಬರುವ ಚಲನೆ; ಅದು ದೊಡ್ಡ ಮಕ್ಕಳಲ್ಲಿ ಉಳಿದಿದ್ದರೆ ವ್ಯಾಯಾಮದಿಂದ ಅಡಗಿಸುವುದಕ್ಕೆ ಇಂಟಿಗ್ರೇಷನ್ ಅನ್ನುತ್ತಾರೆ. ಬಿಪಿಟಿಯೋ (ಫಿಸಿಯೋಥೆರಪಿ ಪದವಿ) ಬಿಒಟಿಯೋ (ಆಕ್ಯುಪೇಷನಲ್ ಥೆರಪಿ ಪದವಿ) ಮುಗಿಸಿ ಜಯನಗರದಲ್ಲೋ ಎಚ್‌ಎಸ್‌ಆರ್ ಲೇಔಟ್‌ನಲ್ಲೋ ಒಂದು ಸೆಂಟರ್ ಸೇರಿಕೊಂಡ ಹುಡುಗ ಹುಡುಗಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಮೇಡಂ, ಯಾವ ಕೋರ್ಸ್ ಮಾಡಲಿ? ಸಂಬಳ ಕಡಿಮೆ, ಕೋರ್ಸ್ ಫೀಸ್ ಜಾಸ್ತಿ, ವಿದೇಶದ್ದಾದರೆ ಪೌಂಡು ಡಾಲರ್ ಲೆಕ್ಕ. ತಪ್ಪು ಆರಿಸಿಕೊಂಡರೆ ಹೋಗುವುದು ನಿಮ್ಮ ದುಡ್ಡು ಮಾತ್ರ ಅಲ್ಲ, ಮುಂದಿನ ಎರಡು ಮೂರು ವರ್ಷ ನಿಮ್ಮ ಕೈಗೆ ಬರುವ ಮಕ್ಕಳ ಸಮಯವೂ ಹೋಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದು ವರ್ಷದೊಳಗಿನ ಮಗುವಿನ ನರಪರೀಕ್ಷೆಯನ್ನು ಮೊದಲು ಕಲಿಯಿರಿ. ಆಮೇಲೆ ಮಗುವಿನ ದಿನದ ಕೆಲಸವನ್ನೇ ಗುರಿಯಾಗಿ ಇಟ್ಟುಕೊಂಡು ಕಲಿಸುವ ಪದ್ಧತಿ ಕಲಿಯಿರಿ. ದೊಡ್ಡ ಮಕ್ಕಳಲ್ಲಿ ಉಳಿದ ರಿಫ್ಲೆಕ್ಸ್ ಹುಡುಕಿ ವ್ಯಾಯಾಮ ಕೊಡುವ ಕೋರ್ಸ್‌ಗಳು ಇವೆರಡರ ನಂತರ. ಈ ಸಾಲನ್ನು ತಿರುವು ಮುರುವು ಮಾಡಬೇಡಿ.

ಎರಡು ಬೇರೆ ಬೇರೆ ವಿಷಯ ಒಂದೇ ಹೆಸರಿನಲ್ಲಿ

ಹುಟ್ಟಿದ ಮಗು ಕೆಲವು ಚಲನೆಗಳನ್ನು ತಂದೇ ಬರುತ್ತದೆ. ತಲೆ ಸ್ವಲ್ಪ ಹಿಂದಕ್ಕೆ ಜಾರಿದರೆ ಎರಡೂ ಕೈ ಚಾಚಿ ಬೆಚ್ಚಿ ಬೀಳುತ್ತದೆ, ಅದು ಮೊರೊ. ಆಸ್ಟ್ರಿಯಾದ ಮಕ್ಕಳ ವೈದ್ಯ ಅರ್ನ್ಸ್ಟ್ ಮೊರೊ 1918ರಲ್ಲಿ ಇದನ್ನು ವಿವರಿಸಿದರು. ಅಂಗೈಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುವುದು ಪಾಮರ್ ಗ್ರಾಸ್ಪ್. ತಲೆ ಒಂದು ಕಡೆ ತಿರುಗಿದರೆ ಆ ಕಡೆಯ ಕೈ ನೆಟ್ಟಗಾಗಿ ಇನ್ನೊಂದು ಕಡೆಯದು ಮಡಚಿಕೊಳ್ಳುವುದು ಎಟಿಎನ್‌ಆರ್. ಇವು ಮೂರೂ ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಮರೆಯಾಗುತ್ತವೆ. ಬೆನ್ನುಮೂಳೆಯ ಪಕ್ಕ ಸವರಿದರೆ ಸೊಂಟ ಬಾಗುವ ಗ್ಯಾಲಂಟ್, ಅಂಬೆಗಾಲಿಡುವ ಮೊದಲು ಸ್ವಲ್ಪ ಕಾಲ ಕಾಣುವ ಎಸ್‌ಟಿಎನ್‌ಆರ್, ತಲೆಯ ಭಂಗಿಗೆ ತಕ್ಕಂತೆ ಮೈಯ ಬಿಗಿತ ಬದಲಾಗುವ ಟಿಎಲ್‌ಆರ್, ಹೀಗೆ ಇನ್ನೂ ಇವೆ. ಮರೆಯಾಗುವುದು ಅಂದರೆ ಅಳಿಸಿಹೋಗುವುದು ಅಲ್ಲ. ಮಿದುಳಿನ ಮೇಲಿನ ಭಾಗ ಬೆಳೆದಂತೆ ಅವನ್ನು ಅಡಗಿಸಿ ಇಡುತ್ತದೆ. ಡಿಮೆನ್ಶಿಯಾ ಬಂದ ಹಿರಿಯರಲ್ಲಿ, ಮಿದುಳಿನ ಮುಂಭಾಗಕ್ಕೆ ಪೆಟ್ಟಾದವರಲ್ಲಿ ಇವುಗಳಲ್ಲಿ ಕೆಲವು ಮತ್ತೆ ಕಾಣಿಸಿಕೊಳ್ಳುವುದು ಅದಕ್ಕೇ.

ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ, ಇದು ಪಠ್ಯಪುಸ್ತಕದ ವಿಷಯ. ಎಂಟು ತಿಂಗಳ ಮಗುವಿನಲ್ಲಿ ಮೊರೊ ಇನ್ನೂ ಜೋರಾಗಿದ್ದರೆ, ಅಥವಾ ತಲೆ ತಿರುಗಿಸಿದಾಗಲೆಲ್ಲ ಮಗು ಎಟಿಎನ್‌ಆರ್ ಭಂಗಿಯಲ್ಲೇ ಸಿಕ್ಕಿಹಾಕಿಕೊಂಡು ಹೊರಬರಲಾಗದೆ ಒದ್ದಾಡುತ್ತಿದ್ದರೆ ಅದು ಗಂಭೀರ ಸೂಚನೆ. ಎರಡನೆಯದು ಯಾವ ವಯಸ್ಸಿನಲ್ಲೂ ಸಹಜವಲ್ಲ.

ಕೋರ್ಸ್‌ಗಳ ಪೋಸ್ಟರ್ ಹೇಳುವುದು ಬೇರೆ ವಿಷಯ. ನಡೆಯುವ, ಓಡುವ, ಶಾಲೆಗೆ ಹೋಗುವ ಮಗುವಿನಲ್ಲಿ ಈ ರಿಫ್ಲೆಕ್ಸ್‌ಗಳ ಸಣ್ಣ ಪಳೆಯುಳಿಕೆ ಇದೆ, ಓದು ಬರಹ ಗಮನ ಕೋಪ ಎಲ್ಲಕ್ಕೂ ಅದೇ ಕಾರಣ, ವ್ಯಾಯಾಮದಿಂದ ಅದನ್ನು ಅಡಗಿಸಿದರೆ ಎಲ್ಲ ಸರಿಹೋಗುತ್ತದೆ ಅಂತ. ಇದು ಒಂದು ಊಹೆ. ಅದರಲ್ಲಿ ಹುರುಳಿರಬಹುದು, ಆದರೆ ಮೊದಲನೆಯದರಷ್ಟು ಗಟ್ಟಿ ನೆಲ ಇದಕ್ಕಿಲ್ಲ. ಕೋರ್ಸ್ ನಡೆಸುವವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ, ಮೊದಲನೆಯದರ ಗಟ್ಟಿತನ ಎರಡನೆಯದಕ್ಕೂ ಇದೆ ಅಂತ ಕೇಳುವವರಿಗೆ ಅನ್ನಿಸಿಬಿಡುತ್ತದೆ. ಪೋಸ್ಟರ್ ಓದುವಾಗ ಇದೊಂದು ಎಚ್ಚರ ಇಟ್ಟುಕೊಳ್ಳಿ.

ಮೊದಲ ಆಯ್ಕೆ: ಹಸುಗೂಸಿನ ಪರೀಕ್ಷೆ

ಇಲ್ಲಿ ಎರಡು ಹೆಸರು ಗೊತ್ತಿರಬೇಕು. ಒಂದು ಹೈನ್, ಅಂದರೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಿಂದ ಬಂದ ಶಿಶು ನರಪರೀಕ್ಷೆ. 2ರಿಂದ 24 ತಿಂಗಳ ಮಕ್ಕಳಿಗೆ. 26 ಅಂಶ, ಒಟ್ಟು 78 ಅಂಕ. ಮೈಯ ಬಿಗಿತ, ಭಂಗಿ, ಚಲನೆ, ರಿಫ್ಲೆಕ್ಸ್ ಎಲ್ಲವೂ ಅದರೊಳಗೆ ಬರುತ್ತದೆ. 6, 9, 12 ತಿಂಗಳಲ್ಲಿ ಅಂಕ 73ಕ್ಕಿಂತ ಕಡಿಮೆ ಬಂದರೆ ಸೆರೆಬ್ರಲ್ ಪಾಲ್ಸಿಯ (ಬೆಳೆಯುವ ಮಿದುಳಿಗೆ ಪೆಟ್ಟಾಗಿ ಚಲನೆಗೆ ಬರುವ ತೊಂದರೆ) ಅಪಾಯ ಇದೆ ಅಂತ ಎಚ್ಚರವಾಗಬೇಕು. ಸಲಕರಣೆ ಬೇಡ, ಹೆಚ್ಚು ಸಮಯ ಬೇಡ, ಫಾರಂ ಪುಕ್ಕಟೆ ಸಿಗುತ್ತದೆ. ನನ್ನನ್ನು ಕೇಳಿದರೆ ಒಬ್ಬ ಹೊಸ ಥೆರಪಿಸ್ಟ್ ಕೈಯಲ್ಲಿ ಇರಬೇಕಾದ ಮೊದಲ ಸಾಧನ ಇದು.

ಇನ್ನೊಂದು ಜನರಲ್ ಮೂವ್‌ಮೆಂಟ್ಸ್ ಅಸೆಸ್‌ಮೆಂಟ್. ಹೈಂಜ್ ಪ್ರೆಕ್ಟಲ್ ಮತ್ತು ಅವರ ಸಂಗಡಿಗರು ಕಟ್ಟಿದ್ದು. ಮಗುವನ್ನು ಮುಟ್ಟುವುದೇ ಇಲ್ಲ. ಎಚ್ಚರವಾಗಿ, ಸಮಾಧಾನವಾಗಿ ಅಂಗಾತ ಮಲಗಿರುವಾಗ ಕೆಲವು ನಿಮಿಷ ವಿಡಿಯೋ ಮಾಡಿ ನೋಡುವುದು, ಅಷ್ಟೇ. ಮೂರರಿಂದ ಐದು ತಿಂಗಳ ನಡುವೆ ಮಗುವಿನ ಕತ್ತು, ಸೊಂಟ, ಕೈಕಾಲಿನಲ್ಲಿ ಎಡೆಬಿಡದೆ ಕಾಣುವ ಸಣ್ಣ ಸಣ್ಣ ಚಲನೆಗಳು ಇಲ್ಲದಿದ್ದರೆ ಅದು ಸೆರೆಬ್ರಲ್ ಪಾಲ್ಸಿಯ ಬಹಳ ಬಲವಾದ ಸೂಚನೆ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ತಿಂಗಳು ಎಣಿಸುವುದು ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ಡೇಟ್‌ನಿಂದ, ಹುಟ್ಟಿದ ದಿನದಿಂದ ಅಲ್ಲ. ಇದರ ಕೋರ್ಸ್ ಕೆಲವೇ ದಿನದ್ದು, ಕೊನೆಗೆ ಪರೀಕ್ಷೆ ಇರುತ್ತದೆ. ವಿಡಿಯೋ ನೋಡಿ ನೀವೇ ನಿರ್ಧರಿಸಬೇಕು, ನಿಮ್ಮ ಉತ್ತರ ಸರಿಯೋ ತಪ್ಪೋ ಅಂತ ಅಳೆಯುತ್ತಾರೆ. ರಿಫ್ಲೆಕ್ಸ್ ಕೋರ್ಸ್‌ಗಳಲ್ಲಿ ಹೀಗೆ ಅಳೆಯುವುದು ಅಪರೂಪ.

2017ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಐದು ತಿಂಗಳೊಳಗಿನ ಮಗುವಿಗೆ ಎಂಆರ್‌ಐ, ಜನರಲ್ ಮೂವ್‌ಮೆಂಟ್ಸ್, ಹೈನ್ ಈ ಮೂರನ್ನೇ ಮುಂದಿಟ್ಟಿತು. ಎರಡು ವರ್ಷ ಕಾಯುವ ಅಗತ್ಯ ಇಲ್ಲ, ಆರು ತಿಂಗಳೊಳಗೇ ಸೆರೆಬ್ರಲ್ ಪಾಲ್ಸಿಯನ್ನು ಗುರುತಿಸಬಹುದು ಅಂತ ಹೇಳಿತು. ಆದರೂ ನಮ್ಮಲ್ಲಿ ಇನ್ನೂ 'ಗಂಡು ಮಗು, ನಿಧಾನ, ಅವರಪ್ಪನೂ ಹಾಗೇ ಇದ್ದ' ಅಂತ ಹೇಳಿ ಕಳಿಸುವವರಿದ್ದಾರೆ.

ಇಲ್ಲಿ ಇನ್ನೊಂದು ವಿಷಯ ಬಿಡಿಸಿ ಹೇಳಲೇಬೇಕು. ಐದು ಆರು ತಿಂಗಳ ಮಗುವನ್ನು ಅಮ್ಮ ಕರೆದುಕೊಂಡು ಬಂದು 'ಮಗು ತುಂಬ ಬೆಚ್ಚಿ ಬೀಳುತ್ತೆ' ಅನ್ನುತ್ತಾರೆ. ಮನೆಯಲ್ಲಿ ಆಗಲೇ ದೃಷ್ಟಿ ತೆಗೆದಾಗಿರುತ್ತದೆ, ತಾಯತ ಕಟ್ಟಿಯಾಗಿರುತ್ತದೆ. ವೀಕೆಂಡ್ ಕೋರ್ಸ್ ಮಾತ್ರ ಮಾಡಿದವರಿಗೆ ಕೂಡಲೇ ಹೊಳೆಯುವುದು ಮೊರೊ ಉಳಿದುಕೊಂಡಿದೆ ಅಂತ. ಆದರೆ ಕೇಳಬೇಕಾದ ಪ್ರಶ್ನೆಗಳಿವೆ. ಸದ್ದಿಗೆ ಬೆಚ್ಚುತ್ತದೋ, ಸುಮ್ನೆ ತಾನೇ ಬೆಚ್ಚುತ್ತದೋ? ಒಂದು ಸಲವೋ, ಕೆಲವು ಸೆಕೆಂಡಿಗೊಮ್ಮೆ ಸಾಲು ಸಾಲಾಗಿಯೋ? ನಿದ್ದೆಯಿಂದ ಎದ್ದ ಕೂಡಲೇ ಜಾಸ್ತಿಯೋ? ಮೊದಲು ನಗುತ್ತಿದ್ದ ಮಗು ಈಗ ಮುಖ ನೋಡುವುದು ಕಡಿಮೆ ಮಾಡಿದೆಯಾ? ಹೌದು ಅಂದರೆ ಅದು ಇನ್ಫಂಟೈಲ್ ಸ್ಪಾಸಮ್ ಆಗಿರಬಹುದು. ಅದು ಒಂದು ಬಗೆಯ ಫಿಟ್ಸ್, ಸಾಮಾನ್ಯವಾಗಿ ಒಂದು ವರ್ಷದೊಳಗೇ ಶುರುವಾಗುತ್ತದೆ, ನೋಡುವುದಕ್ಕೆ ಮೊರೊ ಥರವೇ ಇರುತ್ತದೆ. ಇಇಜಿ ಬೇಕು, ಔಷಧಿ ಬೇಕು, ಕಾಯುವ ಒಂದೊಂದು ವಾರವೂ ಮಗುವಿನ ಬುದ್ಧಿ ಬೆಳವಣಿಗೆಯನ್ನು ತಿನ್ನುತ್ತದೆ. ಅಮ್ಮನಿಗೆ ಫೋನಿನಲ್ಲಿ ವಿಡಿಯೋ ಮಾಡಲು ಹೇಳಿ, ಅವತ್ತೇ ಮಕ್ಕಳ ನರತಜ್ಞರ ಹತ್ತಿರ ಕಳಿಸಿ. ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಸೇಂಟ್ ಜಾನ್ಸ್ ಇರುವ ಊರಿನಲ್ಲಿ ಇದ್ದೂ ಒಂದು ಮಗು ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿಕೊಂಡು ಕೂತರೆ ಅದಕ್ಕಿಂತ ನೋವಿನ ವಿಷಯ ಇನ್ನೊಂದಿಲ್ಲ.

ಹಾಗೆಯೇ ಮೊರೊ ಒಂದೇ ಕಡೆ ಬಂದರೆ ಇನ್ನೊಂದು ಕಡೆಯ ಕೈಯ ನರಕ್ಕೆ ಹೆರಿಗೆಯಲ್ಲಿ ಪೆಟ್ಟಾಗಿರಬಹುದು, ಅಥವಾ ಕೊರಳೆಲುಬು (ಕಾಲರ್ ಬೋನ್) ಮುರಿದಿರಬಹುದು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ ಎಡಚ ಅಂತ ಖುಷಿ ಪಡಬೇಡಿ, ಇನ್ನೊಂದು ಕೈ ಯಾಕೆ ಬರುತ್ತಿಲ್ಲ ನೋಡಿ. ನೀವು ವಿಚಾರಿಸುತ್ತಿರುವ ಕೋರ್ಸ್‌ನಲ್ಲಿ ಇವನ್ನೆಲ್ಲ ಕಲಿಸುತ್ತಾರಾ? ಇಲ್ಲ ಅಂದರೆ ಅದು ಎಷ್ಟೇ ಅಗ್ಗವಿರಲಿ, ಈಗ ಬೇಡ.

ಐಎನ್‌ಪಿಪಿ

ಈಗ ದೊಡ್ಡ ಮಕ್ಕಳ ಕೋರ್ಸ್‌ಗಳಿಗೆ ಬರೋಣ. ಹೋಲಿಸಲು ಸುಲಭ ಆಗಲಿ ಅಂತ ಒಬ್ಬ ಹುಡುಗನನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಎಂಟು ವರ್ಷ, ರಾಜಾಜಿನಗರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸ್, ಮನೆಮಾತು ಕನ್ನಡ. ಬೋರ್ಡ್ ನೋಡಿ ಬರೆದುಕೊಳ್ಳುವುದು ಮುಗಿಯುವುದೇ ಇಲ್ಲ, ಅಕ್ಷರ ಗೀಚಿದಂತೆ ಇರುತ್ತದೆ, ಕುರ್ಚಿಯಲ್ಲಿ ನೆಟ್ಟಗೆ ಕೂರುವುದಿಲ್ಲ. ಡೈರಿಯಲ್ಲಿ ಮಿಸ್ ಬರೆದು ಬರೆದು ಅಮ್ಮ ಸೋತಿದ್ದಾರೆ. ಇಂಥ ಮಕ್ಕಳು ನಮ್ಮ ಸೆಂಟರ್‌ಗಳಿಗೆ ದಿನಾ ಬರುತ್ತಾರೆ, ಅಲ್ವಾ?

ಐಎನ್‌ಪಿಪಿ ಅಂದರೆ ಇನ್‌ಸ್ಟಿಟ್ಯೂಟ್ ಫಾರ್ ನ್ಯೂರೋ-ಫಿಸಿಯಾಲಜಿಕಲ್ ಸೈಕಾಲಜಿ, ಇಂಗ್ಲೆಂಡಿನ ಚೆಸ್ಟರ್‌ನಲ್ಲಿ 1975ರಲ್ಲಿ ಪೀಟರ್ ಬ್ಲೈದ್ ಶುರು ಮಾಡಿದ ಸಂಸ್ಥೆ. ಆಮೇಲೆ ಸ್ಯಾಲಿ ಗೊಡ್ಡಾರ್ಡ್ ಬ್ಲೈದ್ ಅದನ್ನು ಬೆಳೆಸಿದರು. ಈ ಹುಡುಗ ಅವರ ಪದ್ಧತಿ ಕಲಿತವರ ಹತ್ತಿರ ಹೋದರೆ ಅಂಬೆಗಾಲಿನ ಭಂಗಿಯಲ್ಲಿ ನಿಲ್ಲಿಸುತ್ತಾರೆ, ತಲೆಯನ್ನು ನಿಧಾನವಾಗಿ ಒಂದು ಕಡೆ ತಿರುಗಿಸುತ್ತಾರೆ, ಇನ್ನೊಂದು ಕಡೆಯ ಮೊಣಕೈ ಮಡಚುತ್ತದೆಯಾ ನೋಡುತ್ತಾರೆ. ಒಂದೊಂದು ರಿಫ್ಲೆಕ್ಸ್‌ಗೂ 0ಯಿಂದ 4ರವರೆಗೆ ಅಂಕ. ಎಟಿಎನ್‌ಆರ್ ಉಳಿದಿದೆ ಅನ್ನಿಸಿದರೆ, ತಲೆ ಬೋರ್ಡ್ ಕಡೆ ತಿರುಗಿದಾಗಲೆಲ್ಲ ಕೈ ತಾನೇ ಚಾಚಿಕೊಳ್ಳಲು ನೋಡುತ್ತದೆ, ಅದನ್ನು ತಡೆಯುವುದರಲ್ಲೇ ಹುಡುಗನ ಶಕ್ತಿ ಹೋಗುತ್ತದೆ ಅನ್ನುವುದು ಅವರ ವಿವರಣೆ. ಮನೆಯಲ್ಲಿ ದಿನಾ ಐದು ಹತ್ತು ನಿಮಿಷ ನೆಲದ ಮೇಲೆ ನಿಧಾನ ಚಲನೆಗಳು, ಆರೇಳು ವಾರಕ್ಕೊಮ್ಮೆ ಮತ್ತೆ ಪರೀಕ್ಷೆ, ಹೀಗೆ ಸುಮಾರು ಒಂದು ವರ್ಷ. ಶಾಲೆಗಳಿಗಾಗಿ ಬೇರೆ ಕಾರ್ಯಕ್ರಮ ಇದೆ, ಇಡೀ ಕ್ಲಾಸಿಗೆ ದಿನಕ್ಕೆ ಹತ್ತು ನಿಮಿಷ; ಅದರ ತರಬೇತಿ ಚಿಕ್ಕದು. ಪ್ರಾಕ್ಟೀಷನರ್ ತರಬೇತಿ ದೀರ್ಘ, ಅದಕ್ಕೆ ಶಿಕ್ಷಣ, ಆರೋಗ್ಯ ಅಥವಾ ಮನಶ್ಶಾಸ್ತ್ರದ ಹಿನ್ನೆಲೆ ಬೇಕು.

ನನಗೆ ಇದರಲ್ಲಿ ಇಷ್ಟವಾಗುವುದು ಶಿಸ್ತು. ಪರೀಕ್ಷೆ, ಅಂಕ, ಮತ್ತೆ ಪರೀಕ್ಷೆ. ವ್ಯಾಯಾಮ ಕಡಿಮೆ, ಸಲಕರಣೆ ಬೇಡ, ಮಗುವಿಗೆ ಅಪಾಯವಿಲ್ಲ. ದಿನಾ ಟ್ರಾಫಿಕ್ ದಾಟಿ ಸೆಂಟರ್‌ಗೆ ಬರಬೇಕಾಗಿಲ್ಲ, ಇದು ನಮ್ಮ ಊರಿನಲ್ಲಿ ಸಣ್ಣ ವಿಷಯವೇನಲ್ಲ. ಕೊರತೆ ಎಂದರೆ ಆ ಅಂಕ ಕೊಡುವುದು ನೋಡುವವರ ಕಣ್ಣಿನ ಮೇಲೆ ನಿಂತಿದೆ. ಒಬ್ಬರಿಗೆ 1 ಕಂಡದ್ದು ಇನ್ನೊಬ್ಬರಿಗೆ 2. ಅಲ್ಲದೆ ಏನೂ ತೊಂದರೆ ಇಲ್ಲದ ಮಕ್ಕಳಲ್ಲೂ ಸಣ್ಣ ಪಳೆಯುಳಿಕೆ ಕಾಣುತ್ತದೆ. ಪೋಲೆಂಡಿನಲ್ಲಿ ಆರೋಗ್ಯವಂತ ಶಾಲಾಪೂರ್ವ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಅದು ಸಿಕ್ಕಿತು. ಹಾಗಾದರೆ ನಮ್ಮ ಹುಡುಗನಲ್ಲಿ ಸಿಕ್ಕಿದ್ದು ಅವನ ಬರವಣಿಗೆಗೆ ಕಾರಣವೋ, ಸುಮ್ನೆ ಜೊತೆಗಿರುವುದೋ? ಪರೀಕ್ಷೆ ಇದಕ್ಕೆ ಉತ್ತರ ಕೊಡುವುದಿಲ್ಲ.

ಆ ಒಂದು ಒಳ್ಳೆಯ ಅಧ್ಯಯನ

ಎಲ್ಲ ಕೋರ್ಸ್‌ನವರೂ ತೋರಿಸುವ ಒಂದು ಅಧ್ಯಯನ ಇದೆ, ತೋರಿಸಬೇಕಾದದ್ದೇ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಮಾರ್ಟಿನ್ ಮೆಕ್‌ಫಿಲಿಪ್ಸ್ ಮತ್ತು ಸಂಗಡಿಗರು 8ರಿಂದ 11 ವರ್ಷದ, ಓದಿನಲ್ಲಿ ಹಿಂದುಳಿದ, ಎಟಿಎನ್‌ಆರ್ ಉಳಿದಿದ್ದ 60 ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹಸುಗೂಸಿನ ರಿಫ್ಲೆಕ್ಸ್ ಚಲನೆಗಳನ್ನು ಹೋಲುವ ವ್ಯಾಯಾಮ, ಒಂದಕ್ಕೆ ಸಂಬಂಧವಿಲ್ಲದ ಬೇರೆ ಚಲನೆಗಳು, ಒಂದಕ್ಕೆ ಏನೂ ಇಲ್ಲ. ವರ್ಷದ ಕೊನೆಗೆ ಮೊದಲ ಗುಂಪಿನ ಮಕ್ಕಳಲ್ಲಿ ಎಟಿಎನ್‌ಆರ್ ಕಡಿಮೆಯಾಗಿತ್ತು, ಓದೂ ಉಳಿದವರಿಗಿಂತ ಸುಧಾರಿಸಿತ್ತು. ಅಳೆದವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ.

ಒಳ್ಳೆಯ ಕೆಲಸ. ಆದರೆ ಒಂದು ಗುಂಪಿಗೆ 20 ಮಕ್ಕಳು. ಬಳಸಿದ್ದು ಅವರದೇ ಕಾರ್ಯಕ್ರಮ, ನಿಮ್ಮ ಪೋಸ್ಟರ್‌ನಲ್ಲಿರುವ ಕೋರ್ಸ್ ಅಲ್ಲ. ಅಳೆದದ್ದು ಓದನ್ನು; ಆಟಿಸಂ, ಎಡಿಎಚ್‌ಡಿ, ಹಾಸಿಗೆ ಒದ್ದೆ, ಸಿಟ್ಟು ಇವು ಯಾವುದನ್ನೂ ಅಲ್ಲ. ಕೋರ್ಸ್ ಹೇಳಿಕೊಡುವವರನ್ನು ನೇರವಾಗಿ ಕೇಳಿ: ಸಾರ್, ನೀವು ಕಲಿಸುವ ಈ ವ್ಯಾಯಾಮದ ಮೇಲೆಯೇ ಹೋಲಿಕೆ ಗುಂಪು ಇಟ್ಟು ಮಾಡಿದ ಅಧ್ಯಯನ ತೋರಿಸಿ. ಉತ್ತರದ ಬದಲು ಪೋಷಕರ ವಿಡಿಯೋ ತೋರಿಸಿದರೆ ನಿಮಗೆ ಬೇಕಾದ ಮಾಹಿತಿ ಸಿಕ್ಕಿತು.

ಆರ್‌ಎಂಟಿ, ಎಂಎನ್‌ಆರ್‌ಐ

ಆರ್‌ಎಂಟಿ ಅಂದರೆ ರಿದಮಿಕ್ ಮೂವ್‌ಮೆಂಟ್ ಟ್ರೈನಿಂಗ್. ಸ್ವೀಡನ್ನಿನ ಮನೋವೈದ್ಯ ಹರಾಲ್ಡ್ ಬ್ಲೊಂಬೆರ್ಗ್ ಅವರು ಕೆರ್ಸ್ಟಿನ್ ಲಿಂಡೆ ಅವರಿಂದ ಕಲಿತು ಬೆಳೆಸಿದ್ದು. ಮಗು ತಾನಾಗಿ ಮಾಡುವ ತೂಗುವ, ಅಲುಗುವ ಚಲನೆಗಳನ್ನು ಲಯಬದ್ಧವಾಗಿ ಮಾಡಿಸುವುದು. ನಮ್ಮ ಹುಡುಗನನ್ನು ಮಲಗಿಸಿ ಕಾಲಿನಿಂದ ಮೆಲ್ಲಗೆ ಅಲುಗಿಸುತ್ತಾರೆ, ಮೊಣಕಾಲು ಮಡಚಿ ತೂಗಿಸುತ್ತಾರೆ. ಲೆವೆಲ್ ಲೆವೆಲ್ ಆಗಿ ಚಿಕ್ಕ ಕೋರ್ಸ್‌ಗಳು, ಪೋಷಕರೂ ಸೇರಬಹುದು. ಮಕ್ಕಳು ಇಷ್ಟಪಡುತ್ತಾರೆ, ಅಮ್ಮಂದಿರು ರಾತ್ರಿ ಮಲಗಿಸುವಾಗ ಮಾಡಿಸಬಹುದು. ಮಗು ಸಮಾಧಾನವಾಗುತ್ತದೆ ಅಂದರೆ ನಾನು ನಂಬುತ್ತೇನೆ, ತೊಟ್ಟಿಲು ತೂಗಿದವರಿಗೆಲ್ಲ ಅದು ಗೊತ್ತು. ಅದರಿಂದ ಕಾಪಿ ಬರವಣಿಗೆ ಸುಧಾರಿಸುತ್ತದೆ ಅನ್ನುವುದಕ್ಕೆ ಮಾತ್ರ ಗಟ್ಟಿ ಆಧಾರ ಕಾಣಲಿಲ್ಲ.

ಎಂಎನ್‌ಆರ್‌ಐ ಅಂದರೆ ಮಸ್ಗುಟೋವಾ ನ್ಯೂರೋಸೆನ್ಸರಿಮೋಟರ್ ರಿಫ್ಲೆಕ್ಸ್ ಇಂಟಿಗ್ರೇಷನ್, ಸ್ವೆಟ್ಲಾನಾ ಮಸ್ಗುಟೋವಾ ಅವರದು. 1989ರಲ್ಲಿ ರಷ್ಯಾದ ಉಫಾ ಬಳಿ ನಡೆದ ರೈಲು ದುರಂತದಿಂದ ಪಾರಾದ ಮಕ್ಕಳ ಜೊತೆ ಮಾಡಿದ ಕೆಲಸದಿಂದ ಬೆಳೆದ ಪದ್ಧತಿ. ಇಲ್ಲಿ ಥೆರಪಿಸ್ಟ್ ಕೈಯಿಂದ ಒತ್ತಿ, ಚಾಚಿ, ಸವರಿ ಒಂದೊಂದು ರಿಫ್ಲೆಕ್ಸ್‌ನ ಚಲನೆಯನ್ನು ಮರುಕಳಿಸುತ್ತಾರೆ. ಕೋರ್ಸ್‌ಗಳ ಸರಣಿಯೇ ಇದೆ, ಒಂದಾದ ಮೇಲೆ ಒಂದು, ಸರ್ಟಿಫಿಕೇಟ್ ಸಿಗುವವರೆಗೆ ತುಂಬ ಖರ್ಚು. ಕೈಯ ಸ್ಪರ್ಶ ಚೆನ್ನಾಗಿ ಕಲಿಯಬಹುದು ಅಂತ ಮಾಡಿದವರು ಹೇಳುತ್ತಾರೆ, ಇರಬಹುದು. ಹೊಸಬರಿಗೆ ನಾನು ಹೇಳುವುದಿಲ್ಲ. ಇಷ್ಟು ದುಡ್ಡಿಗೆ ಇನ್ನೂ ಗಟ್ಟಿಯಾದ ಬೇರೆ ತರಬೇತಿ ಸಿಗುತ್ತದೆ.

ಈ ಎರಡೂ ಪದ್ಧತಿಗಳ ಹಿಂದಿರುವ ಯೋಚನೆ, ಅಂದರೆ ಹಸುಗೂಸಿನ ಹಂತವನ್ನು ಮತ್ತೆ ಮಾಡಿಸಿದರೆ ಮಿದುಳು ಸರಿಹೋಗುತ್ತದೆ ಅನ್ನುವುದು, ಹೊಸದಲ್ಲ. ಫಿಲಡೆಲ್ಫಿಯಾದಲ್ಲಿ ಡೋಮನ್ ಮತ್ತು ಡೆಲಕಾಟೊ ಪ್ಯಾಟರ್ನಿಂಗ್ ಅಂತ ಇದರ ಇನ್ನೊಂದು ರೂಪವನ್ನು ಬಹಳ ಜೋರಾಗಿ ನಡೆಸಿದ್ದರು. ದಿನಕ್ಕೆ ಗಂಟೆಗಟ್ಟಲೆ ಹಲವು ಜನ ಸೇರಿ ಮಗುವಿನ ಕೈಕಾಲು ಆಡಿಸಬೇಕಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1968, 1982, 1999ರಲ್ಲಿ ಅದಕ್ಕೆ ಆಧಾರವಿಲ್ಲ, ಕುಟುಂಬಗಳ ಮೇಲೆ ಹೊರೆ ಜಾಸ್ತಿ ಅಂತ ಎಚ್ಚರಿಸಿತು. ಇವತ್ತಿನ ಕೋರ್ಸ್‌ಗಳು ಅಷ್ಟು ಕಠಿಣವಲ್ಲ. ಆದರೂ ಆ ಚರಿತ್ರೆ ಗೊತ್ತಿರಲಿ.

ಲೇಸರ್ ಹಿಡಿದು ರಿಫ್ಲೆಕ್ಸ್ ಸರಿಮಾಡುವುದೂ ಒಂದಿದೆ. ಅದರ ಬಗ್ಗೆ ಸಮಯ ಕಳೆಯುವುದು ಬೇಡ.

ಏಯರ್ಸ್ ಸೆನ್ಸರಿ ಇಂಟಿಗ್ರೇಷನ್

ಇದು ರಿಫ್ಲೆಕ್ಸ್ ಕೋರ್ಸ್ ಅಲ್ಲ, ಆದರೆ ಒಟಿಗಳು, ಅಂದರೆ ದಿನದ ಕೆಲಸಕ್ಕೆ ಬೇಕಾದ ಕೌಶಲ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳು, ಯಾವಾಗಲೂ ಇವೆರಡರ ನಡುವೆ ಆರಿಸಬೇಕಾಗುತ್ತದೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏಯರ್ಸ್ ಕಟ್ಟಿದ ಪದ್ಧತಿ. ಅವರೂ ಎಟಿಎನ್‌ಆರ್ ನೋಡುತ್ತಿದ್ದರು, ಆದರೆ ದೊಡ್ಡ ಚಿತ್ರದ ಒಂದು ತುಂಡಾಗಿ. ನಮ್ಮ ಹುಡುಗನಲ್ಲಿ ಭಂಗಿ, ಸಮತೋಲ, ಸ್ಪರ್ಶ, ಹೊಸ ಚಲನೆ ಯೋಜಿಸುವ ಶಕ್ತಿ ಎಲ್ಲ ನೋಡಿ, ಆಮೇಲೆ ಆಟದ ಮೂಲಕ ಕೆಲಸ. ತೂಗುವ ಸಲಕರಣೆ, ಜಾಗ, ತರಬೇತಿ ಪಡೆದವರು ಎಲ್ಲ ಬೇಕು. ಅಪಾರ್ಟ್‌ಮೆಂಟಿನ ಒಂದು ರೂಮಿನಲ್ಲಿ ಒಂದು ಉಯ್ಯಾಲೆ ಹಾಕಿ ಇದೇ ಏಯರ್ಸ್ ಅಂದರೆ ಅಲ್ಲ.

ಆಧಾರ? 2014ರಲ್ಲಿ ಆಟಿಸಂ ಇರುವ 32 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಮನೆಯವರು ಇಟ್ಟ ಗುರಿಗಳಲ್ಲಿ ಒಳ್ಳೆಯ ಸುಧಾರಣೆ ಕಂಡಿತು. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ 138 ಮಕ್ಕಳು. ನಡವಳಿಕೆಯಲ್ಲಿ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಹೀಗೆ ಮಿಶ್ರ. ಆದರೆ ಪರೀಕ್ಷೆಗೆ ಒಳಗಾಗಿದೆ, ಇನ್ನೂ ಒಳಗಾಗುತ್ತಿದೆ. ನೀವು ಒಟಿ ಆಗಿದ್ದು, ನಿಮ್ಮ ಸೆಂಟರ್‌ನಲ್ಲಿ ಸರಿಯಾದ ಜಾಗ ಇದ್ದರೆ ರಿಫ್ಲೆಕ್ಸ್ ಕೋರ್ಸ್‌ಗಿಂತ ಇದು ಮೊದಲು.

ಕೋ-ಆಪ್ ಮತ್ತು ಗುರಿ ಹಿಡಿದು ಕಲಿಸುವುದು

ಪೋಸ್ಟರ್‌ಗಳಲ್ಲಿ ಇದು ಕಾಣುವುದೇ ಇಲ್ಲ, ಆದರೆ ನಾನು ಜಾಸ್ತಿ ಒತ್ತಿ ಹೇಳುವುದು ಇದನ್ನೇ. ಕೋ-ಆಪ್ ಅಂದರೆ ಮಗು ತನಗೆ ಬೇಕಾದ ಕೆಲಸವನ್ನು ತಾನೇ ಯೋಚಿಸಿ ಕಲಿಯುವಂತೆ ಮಾಡುವುದು, ಕೆನಡಾದ ಹೆಲೆನ್ ಪೊಲಟೈಕೊ ಮತ್ತು ಏಂಜೆಲಾ ಮ್ಯಾಂಡಿಚ್ ಕಟ್ಟಿದ ಪದ್ಧತಿ. ಹುಡುಗನನ್ನೇ ಕೇಳುತ್ತೀರಿ, ನಿನಗೆ ಏನು ಬರಬೇಕು ಪುಟ್ಟ? ಅವನು ಹೇಳುತ್ತಾನೆ: ಬೋರ್ಡ್ ಅಳಿಸುವ ಮುಂಚೆ ಬರೆದು ಮುಗಿಸಬೇಕು, ಶೂ ಲೇಸ್ ಕಟ್ಟಬೇಕು, ಶಟಲ್ ಆಡಬೇಕು. ಮೂರು ಗುರಿ. ಆಮೇಲೆ ಗುರಿ ಇಡು, ಯೋಜನೆ ಮಾಡು, ಮಾಡಿ ನೋಡು, ಸರಿಯಾಯಿತಾ ಪರಿಶೀಲಿಸು, ಇದೇ ಚಕ್ರ. ಉತ್ತರ ನೀವು ಕೊಡುವುದಿಲ್ಲ, ಅವನೇ ಹುಡುಕುವಂತೆ ಪ್ರಶ್ನೆ ಕೇಳುತ್ತೀರಿ. ಹತ್ತು ಹನ್ನೆರಡು ಸೆಷನ್. ಚಲನೆಯ ಹೊಂದಾಣಿಕೆಯಲ್ಲಿ ತೊಂದರೆ ಇರುವ ಮಕ್ಕಳಿಗಾಗಿ 2019ರಲ್ಲಿ ಬಂದ ಅಂತರರಾಷ್ಟ್ರೀಯ ಶಿಫಾರಸುಗಳು ಇಂಥ ಚಟುವಟಿಕೆ ಆಧಾರಿತ ಪದ್ಧತಿಗಳ ಪರವಾಗಿಯೇ ಇವೆ. ಸೆರೆಬ್ರಲ್ ಪಾಲ್ಸಿಯಲ್ಲೂ ಇದೇ ದಿಕ್ಕು: 2013ರಲ್ಲಿ ಇಯೋನಾ ನೊವಾಕ್ ಮತ್ತು ಸಂಗಡಿಗರು ಎಲ್ಲ ಚಿಕಿತ್ಸೆಗಳಿಗೆ ಟ್ರಾಫಿಕ್ ಸಿಗ್ನಲ್ ಬಣ್ಣ ಹಚ್ಚಿದಾಗ ಗುರಿ ಹಿಡಿದ ಅಭ್ಯಾಸಕ್ಕೆ, ಮನೆ ಕಾರ್ಯಕ್ರಮಕ್ಕೆ ಹಸಿರು ಬಂತು, ನಾವೆಲ್ಲ ಕಾಲೇಜಿನಲ್ಲಿ ಭಕ್ತಿಯಿಂದ ಕಲಿತ, ಥೆರಪಿಸ್ಟ್ ಕೈಯಿಂದ ಹಿಡಿದು ಭಂಗಿ ಚಲನೆ ತಿದ್ದುವ ಬೊಬಾತ್ ಪದ್ಧತಿಗೆ ಬರಲಿಲ್ಲ.

ಇದಕ್ಕೂ ಮಿತಿ ಇದೆ. ಮಗುವಿಗೆ ಮಾತು ಅರ್ಥವಾಗಬೇಕು, ತನಗೇ ಒಂದು ಗುರಿ ಬೇಕು ಅನ್ನಿಸಬೇಕು. ಮೂರು ವರ್ಷದ, ಮಾತು ಬಾರದ ಮಗುವಿಗೆ ಇದು ಹೊಂದುವುದಿಲ್ಲ.

ಮತ್ತು ಯಾವ ಪದ್ಧತಿ ಹಿಡಿದರೂ ಮೊದಲು ಆ ಹುಡುಗನ ಕಣ್ಣು ಪರೀಕ್ಷೆ ಮಾಡಿಸಿ. ಕಿವಿ ನೋಡಿಸಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್; ಕನ್ನಡದಲ್ಲಿ ಹೇಳಿದರೆ ಬರೆಯುತ್ತಾನಾ ಕೇಳಿ. ಓದಿನ ತೊಂದರೆ ಜಾಸ್ತಿ ಇದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆಗೆ ಕಳಿಸಿ. ನಿಮ್ಹಾನ್ಸ್‌ನವರು ಅದಕ್ಕೆಂದೇ ರೂಪಿಸಿದ ಪರೀಕ್ಷೆಗಳ ಗುಂಪೇ ಇದೆ. ಕನ್ನಡಕ ಬೇಕಿದ್ದ ಮಗುವಿಗೆ ಒಂದು ವರ್ಷ ನೆಲದ ಮೇಲೆ ವ್ಯಾಯಾಮ ಮಾಡಿಸುವುದು ಯಾರಿಗೂ ಬೇಡ.

ಯಾರಿಗೆ ಯಾವುದು

ಈಗಷ್ಟೇ ಬಿಪಿಟಿ ಮುಗಿಸಿದವರು ಹೈನ್ ಕಲಿಯಿರಿ. ನವಜಾತ ಶಿಶುಗಳ ಐಸಿಯು ಇರುವ ದೊಡ್ಡ ಆಸ್ಪತ್ರೆಯ ಫಾಲೋಅಪ್ ಕ್ಲಿನಿಕ್‌ನಲ್ಲಿ ನೋಡಲು ಅವಕಾಶ ಕೇಳಿ. ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) 1959ರಿಂದ, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1982ರಿಂದ ಇವೆ. ಇಂಥ ಕಡೆ ವರ್ಷಗಟ್ಟಲೆ ಮಕ್ಕಳನ್ನು ನೋಡಿದವರ ಪಕ್ಕದಲ್ಲಿ ಕೆಲವು ತಿಂಗಳು ನಿಂತರೆ ಸಿಗುವುದು ಝೂಮ್‌ನಲ್ಲಿ ಸಿಗುವುದಿಲ್ಲ. ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ) ಮಾಡುವ ಮನಸ್ಸಿದ್ದರೆ ಆ ದುಡ್ಡನ್ನು ಅಲ್ಲಿಗೆ ಉಳಿಸಿ.

ಒಟಿಗಳು ಕೋ-ಆಪ್ ಅಥವಾ ಏಯರ್ಸ್, ನಿಮ್ಮಲ್ಲಿ ಬರುವ ಮಕ್ಕಳ ವಯಸ್ಸು ನೋಡಿ. ಇದನ್ನೆಲ್ಲ ಮಾಡಿ ಐದಾರು ವರ್ಷ ಅನುಭವ ಆದ ಮೇಲೂ ರಿಫ್ಲೆಕ್ಸ್ ವಿಷಯ ಕಾಡುತ್ತಿದ್ದರೆ ಐಎನ್‌ಪಿಪಿ ನೋಡಿ, ಈ ಬಗೆಯ ಕೋರ್ಸ್‌ಗಳಲ್ಲಿ ನನ್ನ ಆಯ್ಕೆ ಅದೇ. ವಿಶೇಷ ಶಿಕ್ಷಕರು ಅದರ ಶಾಲಾ ಕಾರ್ಯಕ್ರಮ ಕಲಿತರೆ ನಷ್ಟವೇನಿಲ್ಲ, ಮಕ್ಕಳು ಹತ್ತು ನಿಮಿಷ ಮೈ ಆಡಿಸುತ್ತಾರೆ. ಆದರೆ ಓದು ಕಲಿಸುವ ಸಮಯವನ್ನು ಅದಕ್ಕೆ ಕತ್ತರಿಸಬೇಡಿ. ಪೋಷಕರು ಸಾವಿರಾರು ರೂಪಾಯಿ ಕೊಟ್ಟು ತಾವೇ ಕೋರ್ಸ್ ಮಾಡಬೇಕಾ ಅಂತ ಕೇಳಿದರೆ, ಬೇಡ ಅಂತಲೇ ಹೇಳುತ್ತೇನೆ.

ಸರ್ಟಿಫಿಕೇಟ್ ಬಗ್ಗೆ ಒಂದು ಮಾತು. ವಿದೇಶಿ ಸಂಸ್ಥೆ ಕೊಡುವ ಪ್ರಾಕ್ಟೀಷನರ್ ಪಟ್ಟ ಇಲ್ಲಿ ಚಿಕಿತ್ಸೆ ಮಾಡುವ ಹಕ್ಕು ಕೊಡುವುದಿಲ್ಲ. ಫಿಸಿಯೋ ಮತ್ತು ಒಟಿ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಕೆಳಗೆ ಬರುತ್ತಾರೆ, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಕೊಳ್ಳುತ್ತಾರೆ. ಪರಿಷತ್ತಿನ ನೋಂದಣಿ ನವೀಕರಣಕ್ಕೆ ಸಿಆರ್‌ಇ (ಮುಂದುವರಿದ ಕಲಿಕೆಯ) ಅಂಕ ಬೇಕಾದವರು ದುಡ್ಡು ಕಟ್ಟುವ ಮುಂಚೆ ಈ ಕೋರ್ಸ್‌ಗೆ ಅಂಕ ಸಿಗುತ್ತದಾ ಅಂತ ಬರಹದಲ್ಲಿ ಕೇಳಿ.

ಆಗಲೇ ಕೋರ್ಸ್ ಮಾಡಿದ್ದೀರಾ? ಪರವಾಗಿಲ್ಲ, ಬಳಸಿ, ಆದರೆ ಅಳೆದು ಬಳಸಿ. ಶುರುವಿನಲ್ಲಿ ರಿಫ್ಲೆಕ್ಸ್ ಅಂಕ ಮಾತ್ರ ಬರೆದುಕೊಳ್ಳಬೇಡಿ. ನಮ್ಮ ಹುಡುಗನಾದರೆ ಐದು ನಿಮಿಷದಲ್ಲಿ ಬೋರ್ಡ್ ನೋಡಿ ಎಷ್ಟು ಸಾಲು ಬರೆದ ಅಂತ ಬರೆಯಿರಿ, ಚಲನೆಯ ಹೊಂದಾಣಿಕೆ ಅಳೆಯುವ ಮೂವ್‌ಮೆಂಟ್ ಎಬಿಸಿ ಪರೀಕ್ಷೆ ಇದ್ದರೆ ಮಾಡಿ, ಕೂತಿರುವ ಭಂಗಿಯ ವಿಡಿಯೋ ಇಟ್ಟುಕೊಳ್ಳಿ. ಮೂರು ತಿಂಗಳಿಗೆ ಮತ್ತೆ ಅದೇ ಅಳತೆ, ಸಾಧ್ಯವಾದರೆ ಇನ್ನೊಬ್ಬ ಥೆರಪಿಸ್ಟ್ ಕೈಯಲ್ಲಿ. ರಿಫ್ಲೆಕ್ಸ್ ಅಂಕ ಇಳಿದು ಬರೆಯುವ ಸಾಲು ಅಷ್ಟೇ ಇದ್ದರೆ ನಿಲ್ಲಿಸಿ, ಬೇರೆ ದಾರಿ ಹಿಡಿಯಿರಿ. ಇದನ್ನು ಮೊದಲ ದಿನವೇ ಅಮ್ಮನಿಗೆ ಕನ್ನಡದಲ್ಲಿ, ಒಂದು ಹಾಳೆಯಲ್ಲಿ ಬರೆದು ಕೊಡಿ: ಇಷ್ಟು ವಾರ ಮಾಡಿ ನೋಡುತ್ತೇವೆ, ಇದನ್ನು ಅಳೆಯುತ್ತೇವೆ, ಆಗದಿದ್ದರೆ ಮುಂದುವರಿಸುವುದಿಲ್ಲ. ವರ್ಷದ ಪ್ಯಾಕೇಜ್ ದುಡ್ಡು ಮುಂಗಡ ತೆಗೆದುಕೊಳ್ಳುವ ಸೆಂಟರ್‌ನಲ್ಲಿ ನೀವು ಕೆಲಸ ಮಾಡುತ್ತಿದ್ದರೆ ಈ ಹಾಳೆಯನ್ನು ಮಾಲೀಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.